ಕಾರಿನ ಬ್ಯಾಟರಿಯಿಂದ ಲ್ಯಾಪ್‌ಟಾಪ್, ವೈಫೈ, ನೆಬ್ಯುಲೈಜರ್: ಯಾವ ಇನ್ವರ್ಟರ್ ತಗೊಳ್ಳಲಿ?

ನಗರದ ಕಡೆಯವ

ನಮಸ್ಕಾರ ಎಲ್ಲರಿಗೂ. ಹೊಸನಗರ ತಾಲ್ಲೂಕು, ನಗರ ಅನ್ನುವ ಊರಿನ ಹತ್ತಿರ ನಮ್ಮ ಮನೆ. ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ಮಳೆಗಾಲದಲ್ಲಿ ನಮ್ಮ ಕಡೆ ಹೇಗೆ ಅಂತ ನಿಮಗೆಲ್ಲ ಗೊತ್ತು. ಲೈನ್ ಬರುವುದೇ ಕಾಡಿನೊಳಗಿಂದ. ಒಂದು ಮರ ಬಿದ್ದರೆ ಸಾಕು, ಲೈನ್‌ಮನ್‌ಗಳು ಮಳೆಯಲ್ಲಿ ನೆನೆದುಕೊಂಡು ಎಲ್ಲಿ ಹೋಗಿದೆ ಅಂತ ಹುಡುಕಿ ಸರಿ ಮಾಡುವ ಹೊತ್ತಿಗೆ ಒಂದೊಂದು ಸಲ ಎರಡು ದಿನ ಆಗಿಬಿಡುತ್ತದೆ. ಮನೆಯಲ್ಲಿ 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯ ಇನ್ವರ್ಟರ್ ಇದೆ, ಆದರೆ ಮೊದಲ ರಾತ್ರಿ ಕಳೆಯುವಷ್ಟರಲ್ಲಿ ಅದೂ ಖಾಲಿ.

ಹಾಗಾಗಿ ಕಾರನ್ನು ಬಳಸಿಕೊಳ್ಳೋಣ ಅಂತ ಯೋಚನೆ. ಸಣ್ಣ ಪೆಟ್ರೋಲ್ ಕಾರು, ಬ್ಯಾಟರಿ 35 ಎಎಚ್. ನಡೆಯಬೇಕಾದ್ದು ಮೂರೇ: 65 ವ್ಯಾಟ್ ಚಾರ್ಜರ್‌ನ ಲ್ಯಾಪ್‌ಟಾಪ್, ಫೈಬರ್ ಬಾಕ್ಸ್ ಮತ್ತು ವೈಫೈ, ಅಮ್ಮನ ನೆಬ್ಯುಲೈಜರ್ (ಔಷಧಿಯನ್ನು ಮಂಜು ಮಾಡಿ ಉಸಿರಿನಲ್ಲಿ ಕೊಡುವ ಮಷಿನ್). ಅಮ್ಮನಿಗೆ ಉಬ್ಬಸ, ಈ ಥಂಡಿಗೆ ಜಾಸ್ತಿ ಆಗುತ್ತದೆ. ಅದು ಮಾತ್ರ ನಿಲ್ಲುವ ಹಾಗಿಲ್ಲ.

ಗೆಳೆಯನ ಹತ್ತಿರ ಕಾರಿನ ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ 150 ವ್ಯಾಟ್‌ನ ಇನ್ವರ್ಟರ್ ಇತ್ತು, ತಂದು ನೋಡಿದೆ. ಲ್ಯಾಪ್‌ಟಾಪ್ ಚಾರ್ಜ್ ಆಯಿತು. ನೆಬ್ಯುಲೈಜರ್ ಹಾಕಿದ ಕೂಡಲೇ ಬೀಪ್ ಅಂತ ಕೂಗಿ ಆಫ್ ಆಗುತ್ತದೆ. ನೆಬ್ಯುಲೈಜರ್ ಮೇಲೆ 150 ವಿಎ (ವೋಲ್ಟ್-ಆಂಪಿಯರ್, ಹೆಚ್ಚುಕಡಿಮೆ ವ್ಯಾಟ್ ಇದ್ದಂತೆ) ಅಂತಲೇ ಬರೆದಿದೆ, ಲೆಕ್ಕಕ್ಕೆ ಸರಿ ಇದೆಯಲ್ಲ? ಕಾರಿನ ಬ್ಯಾಟರಿ ಹೋಗಿದೆಯಾ? ಶಿವಮೊಗ್ಗದ ಅಂಗಡಿಯಲ್ಲಿ ಬ್ಯಾಟರಿಗೆ ನೇರ ಕ್ಲಿಪ್ ಹಾಕುವ 1000 ವ್ಯಾಟ್‌ನದ್ದು ತೋರಿಸಿದರು. ಅದನ್ನೇ ತರಲಾ? ತಿಳಿದವರು ಹೇಳಿ.

ತೋಟದ ಮನೆ, ತೀರ್ಥಹಳ್ಳಿ

1000 ವ್ಯಾಟ್‌ನದ್ದೇ ತಗೊಳ್ಳಿ ಮಾರಾಯ್ರೆ. ನಮ್ಮ ಡೀಸೆಲ್ ಜೀಪಿಗೆ ಅದನ್ನೇ ಹಾಕಿಕೊಂಡಿದ್ದೇವೆ. ಅಡಿಕೆ ಕೊಯ್ಲಿನ ಸಮಯದಲ್ಲಿ ಕರೆಂಟ್ ಹೋದರೆ ಸುಲಿಯುವವರಿಗೆ ಲೈಟ್ ಕೊಡುತ್ತದೆ, ಡ್ರಿಲ್ ಮಷಿನ್ ಓಡುತ್ತದೆ, ಚಟ್ನಿಗೆ ಮಿಕ್ಸಿಯೂ ತಿರುಗುತ್ತದೆ. ಸಣ್ಣದು ತಂದರೆ ನಾಳೆ ಇನ್ನೊಂದು ತರಬೇಕಾಗುತ್ತದೆ.

ಆಟೋ ಎಲೆಕ್ಟ್ರಿಷಿಯನ್, ಸಾಗರ

ತೀರ್ಥಹಳ್ಳಿಯವರೇ, ನಿಮ್ಮ ಜೀಪಿಗೆ ಸರಿ, ಇವರ ಕಾರಿಗೆ ಅಲ್ಲ. ಸಿಟ್ಟು ಮಾಡಿಕೊಳ್ಳಬೇಡಿ, ಲೆಕ್ಕ ಹೇಳುತ್ತೇನೆ.

ವ್ಯಾಟ್‌ ಅನ್ನು 12ರಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ. ಇನ್ವರ್ಟರ್ ತಾನೇ ಒಂದಿಷ್ಟು ತಿನ್ನುತ್ತದೆ, ಹಾಕಿದ್ದರಲ್ಲಿ 85ರಿಂದ 90 ಪರ್ಸೆಂಟ್ ಮಾತ್ರ ಹೊರಗೆ ಬರುವುದು. ಅಂದರೆ 1000 ವ್ಯಾಟ್ ಎಳೆದರೆ ಬ್ಯಾಟರಿಯಿಂದ ಹತ್ತಿರ ಹತ್ತಿರ 100 ಆಂಪಿಯರ್ ಹೋಗುತ್ತದೆ. ಸಣ್ಣ ಪೆಟ್ರೋಲ್ ಕಾರಿನ ಆಲ್ಟರ್ನೇಟರ್ (ಇಂಜಿನ್ ಜೊತೆ ತಿರುಗಿ ಕರೆಂಟ್ ಮಾಡುವ ಭಾಗ) ಮೇಲೆ 60ರಿಂದ 90 ಆಂಪಿಯರ್ ಅಂತ ಬರೆದಿರುತ್ತದೆ, ಅದೂ ಇಂಜಿನ್ ಜೋರಾಗಿ ತಿರುಗುವಾಗ. ಸುಮ್ನೆ ನಿಲ್ಲಿಸಿ ಸ್ಟಾರ್ಟ್ ಇಟ್ಟರೆ ಅಷ್ಟು ಬರುವುದಿಲ್ಲ. ಉಳಿದದ್ದು ಬ್ಯಾಟರಿಯಿಂದಲೇ ಹೋಗಬೇಕು. 35 ಎಎಚ್ ಬ್ಯಾಟರಿ ಎಷ್ಟು ಹೊತ್ತು ತಡೆದೀತು? ಇವರಿಗೆ ಬೇಕಾಗಿರುವುದು ಎಲ್ಲ ಸೇರಿದರೂ 250 ವ್ಯಾಟ್ ದಾಟುವುದಿಲ್ಲ. 1000 ವ್ಯಾಟ್‌ನದ್ದು ಯಾಕೆ?

ದೊಡ್ಡ ಇನ್ವರ್ಟರ್ ಆನ್ ಇದ್ದರೆ, ಏನೂ ಹಾಕದಿದ್ದರೂ ತನ್ನ ಪಾಡಿಗೆ ಒಂದಷ್ಟು ಕರೆಂಟ್ ಎಳೆಯುತ್ತಿರುತ್ತದೆ. ರಾತ್ರಿ ಆಫ್ ಮಾಡದೆ ಮಲಗಿದರೆ ಬೆಳಿಗ್ಗೆ ಸೆಲ್ಫ್ ಎತ್ತುವುದಿಲ್ಲ. ಹಾಗಾಗಿ ತಳ್ಳಿಕೊಂಡು ಬಂದ ಕಾರುಗಳನ್ನು ನಮ್ಮ ಅಂಗಡಿಯಲ್ಲಿ ಪ್ರತಿ ಮಳೆಗಾಲ ನೋಡುತ್ತೇನೆ.

ಫಿಸಿಕ್ಸ್ ಮೇಷ್ಟ್ರು (ನಿವೃತ್ತ)

ಸಾಗರದವರು ಹೇಳಿದ್ದು ಸರಿ. ಬೀಪ್ ಯಾಕೆ ಬರುತ್ತದೆ ಅನ್ನುವುದಕ್ಕೆ ಯಾರೂ ಉತ್ತರ ಕೊಡಲಿಲ್ಲ, ಅದನ್ನು ನಾನು ಹೇಳುತ್ತೇನೆ.

ಎರಡು ಕಾರಣ ಇದೆ. ಒಂದು, ನೆಬ್ಯುಲೈಜರ್ ಒಳಗಿರುವುದು ಮೋಟಾರ್. ಮೋಟಾರ್ ಶುರುವಾಗುವ ಕ್ಷಣದಲ್ಲಿ ಬರೆದಿರುವುದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. 150 ವ್ಯಾಟ್‌ನ ಇನ್ವರ್ಟರ್‌ಗೆ 150 ವಿಎ ಮೋಟಾರ್ ಹಾಕಿದರೆ ಆ ಕ್ಷಣದಲ್ಲೇ ಅದು ಕೈಬಿಡುತ್ತದೆ. ಎರಡನೆಯದು ವೈರ್. ಇನ್ವರ್ಟರ್ ತನ್ನ ಬಾಯಿಗೆ ಬರುವ ವೋಲ್ಟೇಜ್ ಸುಮಾರು 11ಕ್ಕಿಂತ ಕೆಳಗೆ ಹೋದರೆ ಕೂಗುತ್ತದೆ, ಇನ್ನೂ ಇಳಿದರೆ ಆಫ್ ಆಗುತ್ತದೆ. ಅದಕ್ಕೆ ಗೊತ್ತಾಗುವುದು ತನ್ನ ಹತ್ತಿರದ ವೋಲ್ಟೇಜ್ ಮಾತ್ರ, ಬ್ಯಾಟರಿಯ ಹತ್ತಿರದ್ದಲ್ಲ.

ಒಂದು ಲೆಕ್ಕ ನೋಡಿ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹೋಗಿ ಬರುವುದು ಸೇರಿ 4 ಮೀಟರ್ ಇದೆ ಅಂದುಕೊಳ್ಳಿ. ಅದರಲ್ಲಿ 30 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ. ಅದೇ 10 ಸ್ಕ್ವೇರ್ ಎಂಎಂ ವೈರ್ ಆದರೆ 0.2 ವೋಲ್ಟ್ ಅಷ್ಟೇ. ಅರ್ಧ ಇಂಚಿನ ಪೈಪು ಎಳೆದುಕೊಂಡು ತೋಟದ ತುದಿಗೆ ನೀರು ಬರಲಿಲ್ಲ ಅಂತ ಬಾವಿಯನ್ನು ಬೈದರೆ ಆಗುತ್ತದಾ? ಹಾಗಾಗಿ ನಿಮ್ಮ ಬ್ಯಾಟರಿ ಹೋಗಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಲೈಟರ್ ಸಾಕೆಟ್‌ನ ವೈರ್ ಸಣ್ಣದು, ಪಿನ್ ಒಳಗಿನ ಸ್ಪ್ರಿಂಗ್ ಕೂಡ ಸಡಿಲ ಇರುತ್ತದೆ.

ಬ್ಯಾಟರಿ ನೋಡಬೇಕಾದರೆ ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ತಗೊಳ್ಳಿ. ಕಾರು ಓಡಿಸದೆ ಕೆಲವು ಗಂಟೆ ಬಿಟ್ಟು ಬ್ಯಾಟರಿ ತಲೆಯ ಮೇಲೆ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12ರ ಕೆಳಗೆ ಇದ್ದರೆ ಕೂಡಲೇ ಚಾರ್ಜ್ ಮಾಡಿಸಿ. ಇಂಜಿನ್ ಸ್ಟಾರ್ಟ್ ಇದ್ದಾಗ ಸಾಮಾನ್ಯವಾಗಿ 13.8ರಿಂದ 14.4 ತೋರಿಸಬೇಕು. ಅಷ್ಟು ಬರದಿದ್ದರೆ ಆಲ್ಟರ್ನೇಟರ್ ಕಡೆ ನೋಡಿಸಿ.

ಆಗುಂಬೆ ಟ್ಯಾಕ್ಸಿ

ಲೈಟರ್ ಸಾಕೆಟ್ ಬಗ್ಗೆ ನಂದೊಂದು ಮಾತು. ಅದರ ಫ್ಯೂಸ್ ಹೆಚ್ಚಿನ ಕಾರುಗಳಲ್ಲಿ 10 ಅಥವಾ 15 ಆಂಪಿಯರ್. ಅಂದರೆ 120 ವ್ಯಾಟ್, ಬಹಳ ಅಂದರೆ 150ರ ಆಸುಪಾಸು. ಅದಕ್ಕಿಂತ ಜಾಸ್ತಿ ಎಳೆದರೆ ಫ್ಯೂಸ್ ಹೋಗುತ್ತದೆ. ಕೆಲವರು ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ 15ರ ಜಾಗದಲ್ಲಿ 30 ಹಾಕುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಫ್ಯೂಸ್ ಉಳಿಯುತ್ತದೆ, ಡ್ಯಾಶ್‌ಬೋರ್ಡ್ ಹಿಂದೆ ವೈರ್ ಸುಡುತ್ತದೆ. ಘಾಟಿಯ ತಿರುವಿನಲ್ಲಿ, ಮಳೆಯಲ್ಲಿ, ಕಾರಿನೊಳಗೆ ಹೊಗೆ ತುಂಬಿಕೊಂಡರೆ ಎಲ್ಲಿ ನಿಲ್ಲಿಸುತ್ತೀರಿ?

ಪ್ಯಾಸೆಂಜರ್‌ಗಳು ಲ್ಯಾಪ್‌ಟಾಪ್ ಹಾಕಿಕೊಳ್ಳುತ್ತಾರೆ, ಕ್ಯಾಮೆರಾ ಬ್ಯಾಟರಿ ಹಾಕುತ್ತಾರೆ, ಅಷ್ಟಕ್ಕೆ ಸಣ್ಣ ಇನ್ವರ್ಟರ್ ಚೆನ್ನಾಗಿ ನಡೆಯುತ್ತದೆ. ನಾನು ಆಗಾಗ ಪಿನ್ ಮುಟ್ಟಿ ನೋಡುತ್ತೇನೆ. ಬಿಸಿ ಇದ್ದರೆ ಕಿತ್ತು ಬಿಡುತ್ತೇನೆ. ಇನ್ವರ್ಟರ್ ಮೇಲೆ ಒದ್ದೆ ಜರ್ಕಿನ್, ಟವೆಲ್ ಹಾಕಲು ಬಿಡಬೇಡಿ, ಅದರ ಫ್ಯಾನಿಗೆ ಗಾಳಿ ಬೇಕು.

ನೆಟ್‌ವರ್ಕ್ ಕೆಲಸದವಳು, ಶಿವಮೊಗ್ಗ

ನಗರದವರೇ, ನಿಮ್ಮ ಮೂರರಲ್ಲಿ ಎರಡಕ್ಕೆ ಇನ್ವರ್ಟರ್ ಬೇಕಾಗಿಯೇ ಇಲ್ಲ. ಇದನ್ನು ಯಾಕೆ ಯಾರೂ ಹೇಳುತ್ತಿಲ್ಲ?

ಯೋಚಿಸಿ ನೋಡಿ. ಕಾರಿನಲ್ಲಿರುವುದು 12 ವೋಲ್ಟ್ ಡಿಸಿ (ಬ್ಯಾಟರಿಯ ಕರೆಂಟ್). ಅದನ್ನು ಇನ್ವರ್ಟರ್ 230 ವೋಲ್ಟ್ ಎಸಿ (ಮನೆಯ ಕರೆಂಟ್) ಮಾಡುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಅದನ್ನು ತಿರುಗಿ 20 ವೋಲ್ಟ್ ಡಿಸಿ ಮಾಡುತ್ತದೆ. ಎರಡು ಸಲ ಬದಲಾಯಿಸಿ ಎರಡು ಸಲವೂ ಸ್ವಲ್ಪ ಸ್ವಲ್ಪ ಶಾಖವಾಗಿ ಹೋಗುತ್ತದೆ. ನಿಮ್ಮ ಲ್ಯಾಪ್‌ಟಾಪ್ ಟೈಪ್-ಸಿ ಯಲ್ಲಿ ಚಾರ್ಜ್ ಆಗುತ್ತದಾ? ಆಗುವುದಾದರೆ ಲೈಟರ್ ಸಾಕೆಟ್‌ಗೆ ಹಾಕುವ 65 ವ್ಯಾಟ್ ಪಿಡಿ (ಯುಎಸ್‌ಬಿ ಪವರ್ ಡೆಲಿವರಿ) ಕಾರ್ ಚಾರ್ಜರ್ ತಗೊಳ್ಳಿ, ಮುಗಿಯಿತು. ಎಳೆಯುವುದು ಸುಮಾರು 6 ಆಂಪಿಯರ್, ಸಾಕೆಟ್‌ನ ಫ್ಯೂಸ್‌ಗೆ ಏನೂ ಭಾರ ಅಲ್ಲ. ತಗೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ: ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ಎಲ್ಲ ಪೋರ್ಟ್ ಸೇರಿದ ಲೆಕ್ಕ ಇರಬಹುದು. ಒಂದೇ ಪೋರ್ಟ್‌ನಲ್ಲಿ 65 ಬರಬೇಕು. ಕೇಬಲ್ ಕೂಡ ಅಷ್ಟನ್ನು ತಡೆಯುವಂಥದ್ದೇ ಇರಲಿ.

ಫೈಬರ್ ಬಾಕ್ಸ್ ಮತ್ತು ವೈಫೈ ಅಡಾಪ್ಟರ್ ತಿರುಗಿಸಿ ನೋಡಿ, ಬಹುತೇಕ ಎಲ್ಲದರಲ್ಲೂ 12 ವೋಲ್ಟ್ ಅಂತ ಇರುತ್ತದೆ. ಇದಕ್ಕೆ ರೂಟರ್‌ಗೆಂದೇ ಸಿಗುವ ಮಿನಿ ಯುಪಿಎಸ್ ಇದೆ, ಒಳಗೆ ಲಿಥಿಯಂ ಸೆಲ್. ಕೆಲವು ಗಂಟೆ ಅದೇ ನಡೆಸುತ್ತದೆ. ಖಾಲಿಯಾದರೆ ಕಾರಿನಲ್ಲಿ ಚಾರ್ಜ್ ಮಾಡಿಕೊಳ್ಳಬಹುದು. ಆದರೆ ಕಾರಿನ ಬ್ಯಾಟರಿಯಿಂದ ನೇರ ವೈರ್ ಎಳೆದು ರೂಟರ್‌ಗೆ ಕೊಡಬೇಡಿ. ಇಂಜಿನ್ ಓಡುವಾಗ ಅದು 12 ಅಲ್ಲ, 14.4 ಆಗಿರುತ್ತದೆ. ನಡುವೆ 12 ವೋಲ್ಟ್‌ಗೆ ಹಿಡಿದು ಕೊಡುವ ಡಿಸಿ ಕನ್ವರ್ಟರ್ ಬೇಕು.

ಇನ್ನೊಂದು ಸಮಾಧಾನದ ವಿಷಯ. ಮನೆಗೆ ಬರುವ ಫೈಬರ್‌ನಲ್ಲಿ ಹರಿಯುವುದು ಬೆಳಕು, ದಾರಿಯಲ್ಲಿ ಅದು ಕವಲೊಡೆಯುವ ಜಾಗಕ್ಕೂ ಕರೆಂಟ್ ಬೇಕಿಲ್ಲ. ಆ ತುದಿಯ ಎಕ್ಸ್‌ಚೇಂಜ್‌ನಲ್ಲಿ ಕರೆಂಟ್ ಇದ್ದು, ನಿಮ್ಮ ಮನೆಯ ಬಾಕ್ಸ್‌ಗೆ ನೀವು ಕರೆಂಟ್ ಕೊಟ್ಟರೆ ಊರಿಡೀ ಕತ್ತಲೆ ಇದ್ದರೂ ನೆಟ್ ಇರುತ್ತದೆ. ಬಿದ್ದ ಮರ ಫೈಬರನ್ನೂ ತುಂಡು ಮಾಡದಿದ್ದರೆ ಮಾತ್ರ.

ನಗರದ ಕಡೆಯವ

ಅಕ್ಕ, ತುಂಬಾ ಥ್ಯಾಂಕ್ಸ್. ಲ್ಯಾಪ್‌ಟಾಪ್ ಟೈಪ್-ಸಿ ಯದ್ದೇ. ಈ ಯೋಚನೆಯೇ ಬಂದಿರಲಿಲ್ಲ.

ಹಾಗಾದರೆ ಇನ್ವರ್ಟರ್ ಬೇಕಾಗುವುದು ನೆಬ್ಯುಲೈಜರ್‌ಗೆ ಮಾತ್ರ. ಅದಕ್ಕೆ 300 ವ್ಯಾಟ್ ಸಾಕಾ? ಅಂಗಡಿಯಲ್ಲಿ ಎರಡು ತರಹ ಇದೆ, ಮಾಡಿಫೈಡ್ ಸೈನ್ (ಕರೆಂಟಿನ ಅಲೆ ಮೆಟ್ಟಿಲು ಮೆಟ್ಟಿಲಾಗಿ) ಮತ್ತು ಪ್ಯೂರ್ ಸೈನ್ (ಮನೆ ಕರೆಂಟಿನ ಹಾಗೆ ನಯವಾದ ಅಲೆ). ರೇಟಿನಲ್ಲಿ ಬಹಳ ವ್ಯತ್ಯಾಸ.

ಸ್ಟಾಫ್ ನರ್ಸ್, ಸೊರಬ

ಅಮ್ಮನ ವಿಷಯ ಅಂತ ಬರೆಯುತ್ತಿದ್ದೇನೆ. ನೆಬ್ಯುಲೈಜರ್‌ಗೆ ಪ್ಯೂರ್ ಸೈನ್ ಬಿಟ್ಟು ಬೇರೆ ಕೊಡಬೇಡಿ. ಮಾಡಿಫೈಡ್ ಸೈನ್‌ನಲ್ಲಿ ಕಂಪ್ರೆಸರ್ ಮೋಟಾರ್ ಗುಂಯ್ ಅನ್ನುತ್ತದೆ, ಬೇಗ ಬಿಸಿ ಆಗುತ್ತದೆ. ಗಾಳಿಯ ಒತ್ತಡ ಕಡಿಮೆಯಾದರೆ ಔಷಧಿ ಸರಿಯಾಗಿ ಮಂಜಾಗುವುದಿಲ್ಲ. ಉಬ್ಬಸ ಬಂದಿರುವ ಹೊತ್ತಿನಲ್ಲಿ ಅದು ಆಗಬಾರದು.

ಬ್ಯಾಟರಿಯಲ್ಲಿ ಅಥವಾ ಯುಎಸ್‌ಬಿಯಲ್ಲಿ ನಡೆಯುವ, ಸಣ್ಣ ತೂತುಗಳ ಜಾಲರಿಯಿಂದ ಮಂಜು ಮಾಡುವ ಮೆಶ್ ನೆಬ್ಯುಲೈಜರ್ ಬರುತ್ತದೆ. ಅಂಗೈ ಅಗಲ ಇರುತ್ತದೆ, ಸದ್ದು ಇಲ್ಲ. ಪವರ್ ಬ್ಯಾಂಕ್ ಇದ್ದರೆ ಸಾಕು, ಕಾರಿನವರೆಗೂ ಹೋಗಬೇಕಿಲ್ಲ. ಆದರೆ ಎಲ್ಲ ಔಷಧಿಗೂ ಅದು ಹೊಂದುವುದಿಲ್ಲ, ಕೆಲವು ಔಷಧಿ ಗಟ್ಟಿ ಇರುತ್ತದೆ, ಆ ಸಣ್ಣ ತೂತುಗಳಲ್ಲಿ ಕಟ್ಟಿಕೊಳ್ಳುತ್ತದೆ. ಅಮ್ಮನಿಗೆ ಬರೆದಿರುವ ಔಷಧಿಯ ಹೆಸರು ಹೇಳಿ ಡಾಕ್ಟರ್ ಹತ್ತಿರ ಕೇಳಿ. ಹಾಗೆಯೇ ಇನ್ಹೇಲರ್ ಮತ್ತು ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸುವ ಕೊಳವೆ) ಮನೆಯಲ್ಲಿ ಇಟ್ಟುಕೊಳ್ಳುವ ಬಗ್ಗೆಯೂ ಕೇಳಿ. ಅದಕ್ಕೆ ಕರೆಂಟೇ ಬೇಡ. ಮಳೆಗಾಲ ಶುರುವಾಗುವ ಮೊದಲೇ ಇದನ್ನೆಲ್ಲ ಮಾಡಿ. ಮಾತಾಡಲು ಆಗದಷ್ಟು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ, ಇನ್ವರ್ಟರ್ ಜೋಡಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ ಹೊರಡಿ.

ಆಟೋ ಎಲೆಕ್ಟ್ರಿಷಿಯನ್, ಸಾಗರ

ನರ್ಸ್ ಮೇಡಂ ಹೇಳಿದ್ದು ಎಲ್ಲಕ್ಕಿಂತ ಮುಖ್ಯ. ಪ್ಯೂರ್ ಸೈನ್ 300 ವ್ಯಾಟ್, ಒಂದು ಕ್ಷಣಕ್ಕೆ 600 ತಡೆಯುವಂಥದ್ದು ಸಿಗುತ್ತದೆ, ಅದು ಸಾಕು. ಹೊರಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ಅಂತ ಬರೆದಿದೆಯಾ ನೋಡಿಕೊಳ್ಳಿ. ಹೊರದೇಶದಿಂದ ನೆಂಟರು ತಂದುಕೊಟ್ಟದ್ದು ಒಮ್ಮೊಮ್ಮೆ 110 ವೋಲ್ಟ್‌ನದ್ದು ಇರುತ್ತದೆ, ಇಲ್ಲಿ ಕೆಲಸಕ್ಕೆ ಬಾರದು.

ಕೊಳ್ಳುವ ಮೊದಲು ಅಮ್ಮನ ಮಷಿನ್ ಅಂಗಡಿಗೇ ತಗೊಂಡು ಹೋಗಿ, ಅಲ್ಲೇ ಹಾಕಿಸಿ ನೋಡಿ. ಒಳ್ಳೆ ಅಂಗಡಿಯವರು ಬೇಡ ಅನ್ನುವುದಿಲ್ಲ.

ಜೋಡಿಸುವ ರೀತಿ ಹೇಳುತ್ತೇನೆ. ಲೈಟರ್ ಸಾಕೆಟ್ ಬೇಡ, ಬ್ಯಾಟರಿಯಿಂದ ಬೇರೆ ವೈರ್ ತನ್ನಿ. 10 ಸ್ಕ್ವೇರ್ ಎಂಎಂ ತಾಮ್ರ, ಮೆತ್ತನೆಯ ವೈರ್, ಆದಷ್ಟು ಗಿಡ್ಡ ಇರಲಿ. ಪ್ಲಸ್ ವೈರ್‌ಗೆ 40 ಆಂಪಿಯರ್ ಫ್ಯೂಸ್. ತುದಿಗೆ ಲಗ್ (ಬೋಲ್ಟ್‌ಗೆ ಕಟ್ಟುವ ಲೋಹದ ತುದಿ) ಹಾಕಿ ಒತ್ತಿಸಿ, ಬರೀ ಸುತ್ತಿ ಟೇಪ್ ಹಾಕಿದರೆ ನಮ್ಮ ಕಡೆಯ ತೇವಕ್ಕೆ ಒಂದೇ ಮಳೆಗಾಲದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಬಾನೆಟ್‌ನಿಂದ ಒಳಗೆ ಬರುವ ಜಾಗದಲ್ಲಿ ರಬ್ಬರ್ ಇರಲೇಬೇಕು, ಇಲ್ಲದಿದ್ದರೆ ತಗಡು ವೈರನ್ನು ಕೊಯ್ಯುತ್ತದೆ. ಇಲಿಗಳ ಕಾಟ ಇರುವ ಮನೆಯಾದರೆ ಮೇಲೆ ಸುರುಳಿ ಪೈಪ್ ಹಾಕಿಸಿ.

ಮೊಸಳೆ ಕ್ಲಿಪ್ ಒಂದು ಸಲದ ಕೆಲಸಕ್ಕೆ ಸರಿ. ದಿನಾ ಬಳಸುವುದಕ್ಕೆ ಬೇಡ, ಜಾರಿದರೆ ಕಿಡಿ ಹಾರುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಕಿಡಿಗೆ ಹೊತ್ತಿಕೊಳ್ಳುತ್ತದೆ.

ತೋಟದ ಮನೆ, ತೀರ್ಥಹಳ್ಳಿ

ಸಾಗರದವರ ಲೆಕ್ಕ ಒಪ್ಪಿದೆ, ಸಣ್ಣ ಕಾರಿಗೆ ದೊಡ್ಡದು ಬೇಡ. ಆದರೆ ದೊಡ್ಡದೇ ತಪ್ಪು ಅಂತ ಹೊಸಬರು ತಿಳಿದುಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ. ನಮ್ಮ ಜೀಪಿನ ಬ್ಯಾಟರಿ 80 ಎಎಚ್, ವೈರ್ 35 ಸ್ಕ್ವೇರ್ ಎಂಎಂ, ಫ್ಯೂಸ್ ಇದೆ. ಇಂಜಿನ್ ಸ್ಟಾರ್ಟ್ ಇಟ್ಟು ಸ್ವಲ್ಪ ಆಕ್ಸಿಲರೇಟರ್ ಏರಿಸಿಕೊಂಡೇ ಮಿಕ್ಸಿ ಹಾಕುತ್ತೇವೆ. ಅದೂ ಎರಡು ನಿಮಿಷದ ಕೆಲಸ. ಗ್ರೈಂಡರ್, ಇಸ್ತ್ರಿ, ಕೆಟಲ್ ಯಾವತ್ತೂ ಹಾಕಿಲ್ಲ, ಹಾಕುವುದೂ ಇಲ್ಲ.

ಒಂದು ಸಂಶಯ. ಕಾರಿನ ಬ್ಯಾಟರಿಯನ್ನು ಹೀಗೆ ಬಳಸಿದರೆ ಆಯುಸ್ಸು ಕಡಿಮೆ ಆಗುತ್ತದೆ ಅನ್ನುತ್ತಾರೆ. ಮನೆ ಇನ್ವರ್ಟರ್ ಬ್ಯಾಟರಿ ದಿನಾ ಖಾಲಿಯಾಗಿ ತುಂಬುತ್ತದೆ, ಅದಕ್ಕೇನೂ ಆಗುವುದಿಲ್ಲ. ಎರಡೂ ಲೆಡ್ ಆಸಿಡ್ ಅಲ್ವಾ?

ಫಿಸಿಕ್ಸ್ ಮೇಷ್ಟ್ರು (ನಿವೃತ್ತ)

ಹೌದು, ಎರಡರಲ್ಲೂ ಸೀಸ ಮತ್ತು ಗಂಧಕಾಮ್ಲವೇ. ಆದರೆ ಪ್ಲೇಟ್ ಬೇರೆ. ಕಾರಿನ ಬ್ಯಾಟರಿಗೆ ತೆಳ್ಳಗಿನ ಪ್ಲೇಟ್‌ಗಳು ಜಾಸ್ತಿ ಇರುತ್ತವೆ. ಸೆಲ್ಫ್ ಹೊಡೆಯುವ ಒಂದೆರಡು ಸೆಕೆಂಡಿಗೆ ಭಾರಿ ಕರೆಂಟ್ ಕೊಡಬೇಕು, ಆಮೇಲೆ ಆಲ್ಟರ್ನೇಟರ್ ಅದನ್ನು ತುಂಬಿಸಿಬಿಡುತ್ತದೆ. ಅದಕ್ಕೆಂದೇ ಮಾಡಿದ್ದು. ಮನೆಯ ಟ್ಯೂಬ್ಯುಲಾರ್ ಬ್ಯಾಟರಿಯಲ್ಲಿ ಪ್ಲೇಟ್ ದಪ್ಪ, ನಿಧಾನವಾಗಿ ಕೊಡುತ್ತದೆ, ಆಳದವರೆಗೆ ಖಾಲಿಯಾದರೂ ತಡೆಯುತ್ತದೆ. ಕಾರಿನದ್ದನ್ನು ಹಾಗೆ ಖಾಲಿ ಮಾಡುತ್ತಾ ಹೋದರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಬೇಗ ಸಾಯುತ್ತದೆ.

ಆದ್ದರಿಂದ ಇಂಜಿನ್ ಆಫ್ ಇದ್ದಾಗ 35 ಎಎಚ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ, ಅಂದರೆ 10ರಿಂದ 12 ಎಎಚ್. ಲ್ಯಾಪ್‌ಟಾಪ್ ಸರಾಸರಿ 40 ವ್ಯಾಟ್ ತಿನ್ನುತ್ತದೆ ಅಂದರೆ 4 ಆಂಪಿಯರ್ ಹತ್ತಿರ. ಎರಡೂವರೆ ಗಂಟೆ ಸಿಗುತ್ತದೆ. ಇನ್ವರ್ಟರ್ ತಾನಾಗಿ ಆಫ್ ಆಗುವವರೆಗೆ ಕಾಯಬೇಡಿ. ಅದು ಆಫ್ ಆಗುವುದು ಸುಮಾರು 10.5 ವೋಲ್ಟ್‌ನಲ್ಲಿ. ಆ ಹೊತ್ತಿಗೆ ಸೆಲ್ಫ್ ಹೊಡೆಯುವಷ್ಟು ಶಕ್ತಿ ಬ್ಯಾಟರಿಯಲ್ಲಿ ಉಳಿದಿರುವುದಿಲ್ಲ. ಇನ್ವರ್ಟರ್ ಉಳಿಸುವುದು ತನ್ನನ್ನು, ನಿಮ್ಮ ಕಾರನ್ನು ಅಲ್ಲ.

ನಗರದ ಕಡೆಯವ

ಅರ್ಥ ಆಯಿತು ಸರ್. ನೆಬ್ಯುಲೈಜರ್ ಹಾಕುವಾಗ ಇಂಜಿನ್ ಸ್ಟಾರ್ಟ್ ಇಡುತ್ತೇನೆ. ಕಾರು ನಿಲ್ಲಿಸುವ ಶೆಡ್ ಅಡುಗೆಮನೆಗೆ ಅಂಟಿಕೊಂಡೇ ಇದೆ. ಮಳೆ ಇರಚಲು ಬಾರದ ಹಾಗೆ ಮೂರು ಕಡೆ ತಗಡು ಹೊಡೆಸಿದ್ದೇವೆ, ಮುಂದೆ ಟಾರ್ಪಾಲು. ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ತಗೊಂಡರೆ ಅಮ್ಮ ಒಳಗೇ ಕೂತು ತಗೊಳ್ಳಬಹುದು.

ಫಿಸಿಕ್ಸ್ ಮೇಷ್ಟ್ರು (ನಿವೃತ್ತ)

ಬೇಡ. ದಯವಿಟ್ಟು ಬೇಡ. ಈ ಚರ್ಚೆಯಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಪೆಟ್ರೋಲ್ ಇಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಸುಸ್ತು, ವಾಕರಿಕೆ, ಆಮೇಲೆ ಪ್ರಜ್ಞೆ ತಪ್ಪುತ್ತದೆ. ಮೂರು ಕಡೆ ತಗಡು, ಮುಂದೆ ಟಾರ್ಪಾಲು ಅಂದರೆ ಅದು ಮುಚ್ಚಿದ ಕೋಣೆಯೇ. ಅಡುಗೆಮನೆಯ ಕಿಟಕಿಯನ್ನೂ ವೈರ್‌ಗಾಗಿ ತೆರೆದಿಟ್ಟರೆ ಆ ಗಾಳಿ ನೇರ ಒಳಗೆ, ಅದೂ ಉಸಿರಾಟದ ತೊಂದರೆ ಇರುವ ಅಮ್ಮ ಕೂತಿರುವ ಕಡೆಗೆ. ಟಾರ್ಪಾಲು ಎತ್ತಿ ಕಟ್ಟಿದರೂ ಸಾಲದು.

ಕಾರನ್ನು ಅಂಗಳಕ್ಕೆ ತನ್ನಿ. ಮನೆಯಿಂದ ದೂರ, ಸೈಲೆನ್ಸರ್ ಮನೆಯ ಕಡೆ ತಿರುಗದ ಹಾಗೆ ನಿಲ್ಲಿಸಿ. ಆಮೇಲೆ ಸ್ಟಾರ್ಟ್ ಮಾಡಿ. ಅಮ್ಮನನ್ನು ನಿಂತ ಕಾರಿನೊಳಗೆ ಕೂರಿಸಿ ಗಾಜು ಏರಿಸಿಕೊಂಡು ಕೊಡುವುದೂ ಬೇಡ.

ಲೈನ್ ಕೆಲಸದವ, ಕೊಪ್ಪ

ಎಕ್ಸ್‌ಟೆನ್ಷನ್ ವೈರ್ ಅಂದಿದ್ದಕ್ಕೆ ನಾನೂ ಹೇಳಬೇಕು.

ಇನ್ವರ್ಟರ್‌ನಿಂದ ಬರುವುದು ಸಣ್ಣ ಡಬ್ಬದಿಂದ ಬಂದರೂ 230 ವೋಲ್ಟೇ. ಒದ್ದೆ ಅಂಗಳ, ಬರಿಗಾಲು, ಜಾಯಿಂಟ್ ಹಾಕಿದ ವೈರ್, ಇಷ್ಟು ಸೇರಿದರೆ ಜೀವಕ್ಕೆ ಅಪಾಯ. ಮನೆಯ ಬೋರ್ಡ್‌ನಲ್ಲಿರುವ ಆರ್‌ಸಿಸಿಬಿ (ಶಾಕ್ ಹೊಡೆದರೆ ಕರೆಂಟ್ ಕಡಿಯುವ ಸ್ವಿಚ್) ಈ ವೈರನ್ನು ಕಾಯುವುದಿಲ್ಲ. ಹಾಗಾಗಿ ಜಾಯಿಂಟ್ ಇಲ್ಲದ ಒಂದೇ ವೈರ್, ನೆಲಕ್ಕೆ ತಾಗದ ಹಾಗೆ ಎತ್ತರದಲ್ಲಿ, ಸಾಕೆಟ್ ತುದಿ ಮನೆಯೊಳಗೆ ಒಣಗಿದ ಜಾಗದಲ್ಲಿ ಇರಲಿ.

ಇನ್ನೊಂದು ವಿಷಯ ಎಲ್ಲರಿಗೂ ಕೈ ಮುಗಿದು ಹೇಳುತ್ತೇನೆ. ಎರಡೂ ಕಡೆ ಪಿನ್ ಇರುವ ವೈರ್ ಮಾಡಿಕೊಂಡು ಇನ್ವರ್ಟರ್ ಅಥವಾ ಜನರೇಟರ್‌ನಿಂದ ಗೋಡೆಯ ಸಾಕೆಟ್‌ಗೆ ಕರೆಂಟ್ ಕೊಡುವವರು ಇದ್ದಾರೆ, ಇಡೀ ಮನೆಗೆ ಲೈಟ್ ಬರಲಿ ಅಂತ. ಆ ಕರೆಂಟ್ ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಹಿಂದಿನಿಂದ ಹೋದರೆ ಆ ಕಡೆ 11,000 ವೋಲ್ಟ್ ಲೈನ್‌ನಲ್ಲೂ ಏರುತ್ತದೆ. ನಾವು ಲೈನ್ ಆಫ್ ಮಾಡಿಸಿಕೊಂಡು, ಮಳೆಯಲ್ಲಿ ಮರ ಕಡಿದು ತಂತಿ ಹಿಡಿದಿರುತ್ತೇವೆ. ನಮ್ಮ ಮನೆಯಲ್ಲೂ ಕಾಯುವವರಿದ್ದಾರೆ. ಬೇಕಾದ ಸಾಮಾನನ್ನು ನೇರ ಇನ್ವರ್ಟರ್‌ಗೇ ಹಾಕಿ, ಗೋಡೆಗೆ ಬೇಡ. ತಂತಿ ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.

ನಗರದ ಕಡೆಯವ

ಮೇಷ್ಟ್ರೇ, ಲೈನ್ ಕೆಲಸದವರೇ, ಇಬ್ಬರಿಗೂ ಬಹಳ ಉಪಕಾರ. ಶೆಡ್‌ನಲ್ಲಿ ಸ್ಟಾರ್ಟ್ ಮಾಡುವ ಮಾತೇ ಇಲ್ಲ. ಮನೆಯವರಿಗೆಲ್ಲ ಹೇಳಿದ್ದೇನೆ.

ಕೊನೆಗೆ ಒಂದು ಪ್ರಶ್ನೆ. ಕಾರನ್ನು ಸ್ಟಾರ್ಟ್ ಇಟ್ಟು ಮನೆಯ 150 ಎಎಚ್ ಬ್ಯಾಟರಿಯನ್ನೇ ಚಾರ್ಜ್ ಮಾಡಿಕೊಂಡರೆ ಹೇಗೆ? ಜಂಪ್ ಕೇಬಲ್ ಇದೆ.

ಆಟೋ ಎಲೆಕ್ಟ್ರಿಷಿಯನ್, ಸಾಗರ

ಜಂಪ್ ಕೇಬಲ್‌ನಲ್ಲಿ ಬೇಡ. ಖಾಲಿಯಾದ ದೊಡ್ಡ ಬ್ಯಾಟರಿ ಸಿಕ್ಕಷ್ಟನ್ನೂ ಎಳೆಯುತ್ತದೆ, ಆಲ್ಟರ್ನೇಟರ್ ಪೂರ್ತಿ ಭಾರದಲ್ಲಿ ಬಿಸಿಯಾಗಿ ಸುಡುತ್ತದೆ. ಅದಕ್ಕೆಂದೇ 20 ಆಂಪಿಯರ್‌ಗೆ ಹಿಡಿದು ಕೊಡುವ ಡಿಸಿ-ಡಿಸಿ ಚಾರ್ಜರ್ ಬರುತ್ತದೆ. 4 ಗಂಟೆಗೆ ಬ್ಯಾಟರಿಗೆ ಅರ್ಧದಷ್ಟು ತುಂಬಬಹುದು. ಆದರೆ ಸಣ್ಣ ಕಾರು ನಿಂತಲ್ಲೇ ಓಡಿದರೆ ಗಂಟೆಗೆ ಅರ್ಧ ಲೀಟರ್ ಮೇಲೆ ಪೆಟ್ರೋಲ್ ಹೋಗುತ್ತದೆ. ಆ ದುಡ್ಡಿನಲ್ಲಿ ಮನೆಗೆ ಇನ್ನೊಂದು ಬ್ಯಾಟರಿ ಹಾಕಿಸುವುದು ಲೇಸು ಅಂತ ನನಗನ್ನಿಸುತ್ತದೆ.

ಎಲೆಕ್ಟ್ರಿಕ್ ಕಾರಿನವನು, ವಿನೋಬನಗರ

ಮುಂದೆ ಕಾರು ಬದಲಾಯಿಸುವ ಯೋಚನೆ ಇದ್ದವರಿಗೆ: ಕೆಲವು ಎಲೆಕ್ಟ್ರಿಕ್ ಕಾರುಗಳು ತಾವೇ 230 ವೋಲ್ಟ್ ಹೊರಗೆ ಕೊಡುತ್ತವೆ, ವಿ2ಎಲ್ ಅನ್ನುತ್ತಾರೆ. 2023ರಲ್ಲಿ ಬಂದ ಹೊಸ ಟಾಟಾ ನೆಕ್ಸಾನ್ ಇವಿಯಲ್ಲಿ ಇದೆ, 3.3 ಕೆವಿಎ ತನಕ. ಹೊಗೆ ಇಲ್ಲ, ಸದ್ದಿಲ್ಲ. ಮಿಕ್ಸಿ, ಫ್ರಿಜ್ ಎಲ್ಲ ನಡೆಯುತ್ತದೆ. ಆದರೆ ನಗರದವರ ಕಡೆ ಎರಡು ದಿನ ಕರೆಂಟ್ ಇಲ್ಲದಾಗ ಕಾರನ್ನು ಎಲ್ಲಿ ಚಾರ್ಜ್ ಮಾಡುವುದು ಅನ್ನುವುದೂ ಇದೆ. ಆಸ್ಪತ್ರೆಗೆ ಹೋಗುವಷ್ಟು ಚಾರ್ಜ್ ಯಾವಾಗಲೂ ಉಳಿಸಿಕೊಳ್ಳಬೇಕು.

ನಗರದ ಕಡೆಯವ

ಹಾಗಾದರೆ ನನ್ನ ತೀರ್ಮಾನ ಇದು. 65 ವ್ಯಾಟ್ ಪಿಡಿ ಕಾರ್ ಚಾರ್ಜರ್, ರೂಟರ್‌ಗೆ ಮಿನಿ ಯುಪಿಎಸ್. ಅಮ್ಮನ ಔಷಧಿ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ, ಹೊಂದುವುದಾದರೆ ಮೆಶ್ ನೆಬ್ಯುಲೈಜರ್, ಇಲ್ಲದಿದ್ದರೆ ಪ್ಯೂರ್ ಸೈನ್ 300 ವ್ಯಾಟ್. ಮನೆ ಇನ್ವರ್ಟರ್‌ನಿಂದ ಟಿವಿ ಕಿತ್ತು ಹಾಕಿದ್ದೇನೆ, ಅದನ್ನು ಅಮ್ಮನ ಮಷಿನ್‌ಗೂ ಲೈಟಿಗೂ ಮಾತ್ರ ಉಳಿಸುವುದು.

ಇನ್ವರ್ಟರ್ ಹಾಕಿಸಬೇಕಾಗಿ ಬಂದರೆ ಫ್ಯೂಸ್ ಎಲ್ಲಿರಬೇಕು? ಇನ್ವರ್ಟರ್ ಹತ್ತಿರವಾ, ಬ್ಯಾಟರಿ ಹತ್ತಿರವಾ? ನಮ್ಮ ಕಾರಿನಲ್ಲಿ ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ಸ್ಟಾರ್ಟ್ ಆಗುವ ಸೌಲಭ್ಯ ಇದೆ, ಅದಕ್ಕೇನಾದರೂ ತೊಂದರೆ ಆಗುತ್ತದಾ?

ಆಟೋ ಎಲೆಕ್ಟ್ರಿಷಿಯನ್, ಸಾಗರ

ಫ್ಯೂಸ್ ಬ್ಯಾಟರಿಯ ಪ್ಲಸ್ ಹತ್ತಿರ, ಅರ್ಧ ಅಡಿಯೊಳಗೆ. ದಾರಿಯಲ್ಲಿ ವೈರ್ ಎಲ್ಲಾದರೂ ಕಾರಿನ ತಗಡಿಗೆ ತಾಗಿದರೆ ಫ್ಯೂಸ್ ಕರೆಂಟನ್ನು ಅಲ್ಲೇ ಕಡಿಯಬೇಕು. ಇನ್ವರ್ಟರ್ ಹತ್ತಿರ ಹಾಕಿದರೆ ನಡುವಿನ ವೈರ್‌ಗೆ ಕಾವಲೇ ಇಲ್ಲ.

ತಾನೇ ಆಫ್ ಆಗುವ ಕಾರು ಅಂದರೆ ಬ್ಯಾಟರಿಯ ಮೈನಸ್ ತಲೆಯ ಮೇಲೆ ಒಂದು ಸಣ್ಣ ಸೆನ್ಸರ್ ಇರುತ್ತದೆ, ಎಷ್ಟು ಕರೆಂಟ್ ಹೋಯಿತು, ಎಷ್ಟು ಬಂತು ಅಂತ ಲೆಕ್ಕ ಇಡುವುದು ಅದೇ. ಇನ್ವರ್ಟರ್‌ನ ಮೈನಸ್ ವೈರನ್ನು ಬ್ಯಾಟರಿ ತಲೆಗೆ ಕಟ್ಟಿದರೆ ಅದರ ಕಣ್ಣು ತಪ್ಪಿಸಿದಂತಾಗುತ್ತದೆ, ಲೆಕ್ಕ ತಪ್ಪಿ ಸರಿಯಾಗಿ ಚಾರ್ಜ್ ಮಾಡುವುದಿಲ್ಲ. ಸೆನ್ಸರ್ ದಾಟಿದ ಮೇಲೆ, ಬಾಡಿಯ ಅರ್ತ್ ಬೋಲ್ಟ್‌ಗೆ ಕಟ್ಟಿಸಿ. ಬಣ್ಣ ಕೆರೆದು, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಬೇಕು. ನೆಬ್ಯುಲೈಜರ್ ಹಾಕುವಾಗ ಆ ಆಫ್ ಆಗುವ ಸ್ವಿಚ್ ಒತ್ತಿ ಬಂದ್ ಮಾಡಿಡಿ, ನಡುವೆ ಇಂಜಿನ್ ನಿಲ್ಲಬಾರದು. ಕಾರಿಗೆ ವಾರಂಟಿ ಇನ್ನೂ ಇದ್ದರೆ ವೈರ್ ಎಳೆಸುವ ಮೊದಲು ಸರ್ವಿಸ್ ಸೆಂಟರ್‌ನಲ್ಲಿ ಒಂದು ಮಾತು ಕೇಳಿ.